ಪಾಲಿನ ಮಾವಿನಮರ

ಸಂಕಪ್ಪ ಎಸೆದ ಕೊಡಲಿ ಜೀಪಿನೊಳಗೆ ಚಿತ್ತರಂಜನನ ಕಾಲ ಬುಡದಲ್ಲೇ ಬಿತ್ತು.

"ಡಿಪೋದಲ್ಲಿ ಕಟ್ಟಿಗೆ ಉಂಟಲ್ಲ ಮಾರಾಯ. ವಾಮಂಜೂರಿನವರೆಗೆ ಎಂತಕ್ಕೆ?" ಎಂದ ಚಿತ್ತರಂಜನ.

"ಎಂತ ಭಾವ ನೀವು? ಅಕ್ಕನ ಪಾಲಿನ ಜಾಗದಲ್ಲಿ ಮಾವಿನಮರ ಇರುವಾಗ ಅವಳ ಚಿತೆಗೆ ಡಿಪೋದ ಕಟ್ಟಿಗೆಯಾ? ನೆಂಟರು ನಗಾಡ್ತಾರೆ. ಗಡಿ ಗೊತ್ತಿರುವುದು ನಿಮಗೆ, ತೋರಿಸಿ."

ಬೋಳಾರದ ಬಾಡಿಗೆ ಮನೆಯ ಚಾವಡಿಯಲ್ಲಿ ಜಲಜಾಕ್ಷಿಯನ್ನು ಮಲಗಿಸಿದ್ದರು. ಚಿತ್ತರಂಜನ ಹೆಂಡತಿಯ ಕಡೆ ನೋಡಲಿಲ್ಲ. ಆ ಜಾಗವನ್ನು ಅವನು ಎಂದೋ ಮಾರಿದ್ದ. ಅವಳಿಗೆ ಹೇಳಿರಲಿಲ್ಲ. ಬೊಂಬಾಯಿಯ ಹೋಟೆಲಿನಿಂದ ರಜೆಗೆ ಬಂದಿದ್ದ ಅವಳ ತಮ್ಮ ಸಂಕಪ್ಪನಿಗೂ ಗೊತ್ತಿರಲಿಲ್ಲ. ಜೀಪು ಹೊರಟಾಗ ಚಿತ್ತರಂಜನ ಕಾಲನ್ನು ಕೊಡಲಿಯಿಂದ ದೂರ ಎಳೆದುಕೊಂಡ.

*

ಎಪ್ಪತ್ತೆಂಟರ ಮಳೆಗಾಲದಲ್ಲಿ ಚಿತ್ತರಂಜನ ಹೆಂಡತಿಯೊಡನೆ ಮಾತು ಬಿಟ್ಟಿದ್ದ. ಊಟ ಹೋಟೆಲಿನಲ್ಲಿ. ಅವಳು ದಿನಾ ಬಟ್ಟಲಿಟ್ಟು ಕಾದು, ಉಳಿದ ಅನ್ನವನ್ನು ನೆರೆಮನೆಯ ಖತೀಜಮ್ಮನ ಕೋಳಿಗಳಿಗೆ ಹಾಕುತ್ತಿದ್ದಳು. ಒಂದು ಸಂಜೆ ಅವನು ಕಾಗದವೊಂದನ್ನು ಅವಳ ಮುಂದಿಟ್ಟ.

"ಎಂತ ಇದು?"

"ಪವರ್ ಆಫ್ ಅಟಾರ್ನಿ. ನಿನ್ನ ಜಾಗದ ತೀರ್ವೆ ಕಟ್ಟಲಿಕ್ಕೆ. ಆಫೀಸು ಅಲೆಯಲಿಕ್ಕೆ ನಿನ್ನಿಂದ ಆಗ್ತದಾ?"

"ಸಹಿ ಹಾಕಿದ್ರೆ ಮನೆಯಲ್ಲಿ ಉಣ್ತೀರಾ?"

"ಉಣ್ತೇನೆ."

ಮರುದಿನ ರಿಜಿಸ್ಟ್ರಾರರ ಮುಂದೆ ಸಹಿ ಹಾಕಿ ಬಂದವಳು ಬಂಗುಡೆ ಸಾರು ಮಾಡಿದಳು. ಅವನು ಎರಡು ಸಲ ಹಾಕಿಸಿಕೊಂಡು ಉಂಡ.

*

ಜಾಗದ ಸುತ್ತ ಕಾಂಪೌಂಡು ಎದ್ದಿತ್ತು. ಒಳಗೆ ಟೆರೇಸು ಮನೆ.

"ಇದು ಯಾರದ್ದು ಭಾವ?"

ಅಷ್ಟರಲ್ಲಿ ಜಾಗ ಕೊಂಡಿದ್ದ ವಾಲ್ಟರ್ ಗೇಟು ತೆರೆದ. ಅವನ ಕಣ್ಣು ಸಂಕಪ್ಪನ ಕೈಯಲ್ಲಿದ್ದ ಕೊಡಲಿಯ ಮೇಲೆ ನಿಂತಿತು.

"ಜಲಜಾಕ್ಷಿಯಕ್ಕ ತೀರಿಕೊಂಡ್ರಾ?"

"ನಿಮಗೆ ಯಾರು ಹೇಳಿದ್ದು?" ಎಂದ ಸಂಕಪ್ಪ.

"ಯಾರೂ ಇಲ್ಲ. ನಾನು ಈ ಮನೆ ಕಟ್ಟಿಸುವಾಗ ಬಂದಿದ್ರು. ಇವರು ನನಗೆ ಜಾಗ ಮಾರಿದ್ದು ಅವರಿಗೆ ಹೇಗೋ ಗೊತ್ತಾಗಿತ್ತು. ಜಗಳ ಎಂತ ಇಲ್ಲ. 'ಆ ಮರ ಒಂದು ಬಿಡಿ, ನಾನು ಹೋದ ದಿನ ನನ್ನ ತಮ್ಮ ಕೊಡಲಿ ಹಿಡ್ಕೊಂಡು ಬರ್ತಾನೆ' ಅಂದ್ರು." ವಾಲ್ಟರ್ ಚಿತ್ತರಂಜನನ ಕಡೆ ತಿರುಗಿದ. "ನಿಮ್ಮ ಹತ್ರ ಹೇಳ್ಬಾರ್ದು ಅಂದಿದ್ರು. ತನಗೆ ಗೊತ್ತುಂಟು ಅಂತ ತಿಳಿದ್ರೆ ಪುನಃ ಊಟ ಬಿಡ್ತಾರೆ ಅಂತ."

ಇಷ್ಟು ವರ್ಷ ಅವಳು ಬಡಿಸಿದ್ದು, ಇನ್ನು ಸ್ವಲ್ಪ ಹಾಕಲಾ ಎಂದು ಕೇಳಿದ್ದು ಚಿತ್ತರಂಜನನಿಗೆ ನೆನಪಾಯಿತು.

ಸಂಕಪ್ಪ ಕೂಗಾಡಲಿಲ್ಲ. ಕೊಡಲಿಯನ್ನು ಎಡಗೈಯಿಂದ ಬಲಗೈಗೆ ಬದಲಿಸಿದ.

"ನೀವು ಮುಂದೆ ನಡೀರಿ ಭಾವ."

ಚಿತ್ತರಂಜನ ನಡೆದ. ಬೆನ್ನ ಹಿಂದೆ ತರಗೆಲೆ ತುಳಿಯುವ ಸದ್ದು ಬರುತ್ತಿತ್ತು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಎದುರಿಗೆ, ನೆಟ್ಟಗೆ ಬಂದ ಕಾಂಪೌಂಡು ಗೋಡೆ ಮಾವಿನಮರದ ಬಳಿ ಬಾಗಿ, ಅದನ್ನು ಬಳಸಿಕೊಂಡು, ಮತ್ತೆ ನೆಟ್ಟಗೆ ಹೋಗಿತ್ತು.