ಬೆಳ್ಳಗಾದ ಎಣ್ಣೆ

ಈಶಪ್ಪಣ್ಣ ವಿಜಾಪುರದ ಕಡೆಯಿಂದ ಪೀಣ್ಯಕ್ಕೆ ಬಂದಾಗ ಅವರಿಗೆ ಸಿಕ್ಕಿದ್ದು ಲೇತ್ ಮಷೀನುಗಳ ಕೆಳಗಿನ ಕಬ್ಬಿಣದ ಚೂರು ಬಾಚುವ ಕೆಲಸ. ಚೂರಿನ ಜೊತೆ ಹಳೆಯ ಎಣ್ಣೆಯೂ ಬರುತ್ತಿತ್ತು. ಅದನ್ನು ಮೋರಿಗೆ ಚೆಲ್ಲಲು ಅವರಿಗೆ ಮನಸ್ಸಾಗಲಿಲ್ಲ. ಮಾಲೀಕರನ್ನು ಕೇಳಿ ಕ್ಯಾನಿಗೆ ತುಂಬಿಕೊಂಡು, ಬಾಡಿಗೆ ಕೋಣೆಯ ಹಿಂದೆ ಸೋಸಿ ಕಾಯಿಸಿ, ಸೈಕಲ್ ಮೇಲೆ ಸಣ್ಣ ವರ್ಕ್‌ಶಾಪುಗಳಿಗೆ ಮಾರಿದರು. ವಾಸನೆ ತಾಳದೆ ಮನೆ ಮಾಲೀಕರು ಒಂದಾದ ಮೇಲೊಂದು ಕೋಣೆ ಬಿಡಿಸಿದರು. ಹತ್ತು ಹನ್ನೆರಡು ವರ್ಷಕ್ಕೆ ಜಿಗಣಿಯಲ್ಲಿ ಶೆಡ್ಡು, ದೊಡ್ಡ ಕಡಾಯಿ, ಲೈಸೆನ್ಸು, ಒಂದು ಟೆಂಪೊ ಆದವು. ಶಾಲೆ ಬಿಟ್ಟು ಮನೆಯಲ್ಲಿದ್ದ ನನ್ನನ್ನು ಕ್ಯಾನಿಗೆ ಲೇಬಲ್ ಅಂಟಿಸಲು ಕರೆದುಕೊಂಡಿದ್ದರು.

ಆ ಲೇಬಲ್ಲಿನಲ್ಲಿ ಇದ್ದದ್ದು ದಲ್ಲಾಳಿಯ ಹೆಸರು. ದೊಡ್ಡ ಫ್ಯಾಕ್ಟರಿಗಳಿಗೆ ಈಶಪ್ಪಣ್ಣನ ಎಣ್ಣೆ ಅವನ ಮೂಲಕವೇ ಹೋಗುತ್ತಿತ್ತು. ಆ ವರ್ಷ ಮೊದಲ ಬಾರಿಗೆ ಬೊಮ್ಮಸಂದ್ರದ ಒಂದು ಫ್ಯಾಕ್ಟರಿ ನೇರವಾಗಿ ಅವರನ್ನೇ ಕೇಳಿತು. ಆಯುಧಪೂಜೆಗೆ ಮಷೀನುಗಳ ಹಳೆ ಎಣ್ಣೆ ಇಳಿಸಿ ತೊಳೆದಿಡುತ್ತಾರೆ, ವಿಜಯದಶಮಿಯ ಬೆಳಿಗ್ಗೆ ಹೊಸದು ತುಂಬಿ ಚಾಲೂ ಮಾಡುತ್ತಾರೆ. ಅಷ್ಟರಲ್ಲಿ ಎಣ್ಣೆ ಅಲ್ಲಿರಬೇಕು.

ನಮ್ಮ ಶೆಡ್ಡಿನಲ್ಲೂ ಪೂಜೆ ಮುಗಿಯಿತು. ಕುಂಬಳಕಾಯಿ ಒಡೆದು ಆಳುಗಳು ಮನೆಗೆ ಹೋದರು. ಮರುದಿನ ನಸುಕಿನಲ್ಲಿ ಟೆಂಪೊಗೆ ಏರಿಸಬೇಕಾದ ಎಣ್ಣೆಯನ್ನು ಒಮ್ಮೆ ನೋಡೋಣವೆಂದು ಈಶಪ್ಪಣ್ಣ ಡ್ರಮ್ಮಿನ ಮುಚ್ಚಳ ತೆಗೆದರು. ಎಣ್ಣೆ ಬೆಳ್ಳಗಾಗಿತ್ತು. ಇನ್ನೊಂದು ತೆಗೆದರು. ಅದೂ ಹಾಗೇ.

ಡ್ರೈವರ್ ಇರಣ್ಣ ಇಣುಕಿದ. "ಏನ್ರಿ ಸಾವ್ಕಾರ್ರ, ಎಣ್ಣಿ ಬಿಟ್ಟು ಮಜ್ಜಿಗಿ ಅಂಗಡಿ ಇಟ್ಟೀರೇನು?" ಅಂದ.

"ಅಯ್ಯ ನನ್ನವ್ವ, ಡ್ರಮ್ ನಾನಽ ತೊಳದಿದ್ದೆ" ಎಂದರು ಅವರ ಹೆಂಡತಿ ಬಸಕ್ಕ. "ಹಬ್ಬಕ್ಕ ಹೊಳೀಲಿ ಅಂತ ಒಳಗೂ ನೀರು ಹಾಕಿದ್ನಿ. ಬೋರಲ ಹಾಕೂದು ಮರತೆ."

ಹಿಂದಿನ ಸಂಜೆ ಆಳುಗಳು ನೋಡದೆ, ತಳದಲ್ಲಿ ನೀರು ನಿಂತಿದ್ದ ಆ ಡ್ರಮ್ಮುಗಳಿಗೇ ಎಣ್ಣೆ ತುಂಬಿದ್ದರು.

"ನೀರು ತಾನ? ಸಣ್ಣ ಉರಿಮ್ಯಾಗ ಕಾಸಿದ್ರ ಹೋಗ್ತದ" ಎಂದ ಈಶಪ್ಪಣ್ಣ ಕಡಾಯಿಯತ್ತ ಹೊರಟು ಅರ್ಧಕ್ಕೇ ನಿಂತರು. ಅದಕ್ಕೆ ವಿಭೂತಿ ಪಟ್ಟೆ, ಕುಂಕುಮ, ಚೆಂಡುಹೂವಿನ ಮಾಲೆ. ಪೂಜೆ ಕಂಡ ಯಾವುದನ್ನೂ ಆ ದಿನ ಮುಟ್ಟಲು ಬಸಕ್ಕ ಬಿಡುತ್ತಿರಲಿಲ್ಲ. ಮನೆಯಲ್ಲಿ ಈಳಿಗೆಗೂ ಪೂಜೆ, ಆದ್ದರಿಂದ ಪಲ್ಯಕ್ಕೆ ಹಿಂದಿನ ದಿನವೇ ಹೆಚ್ಚಿಡುತ್ತಿದ್ದರು.

ಈಶಪ್ಪಣ್ಣ ಫ್ಯಾಕ್ಟರಿಯ ಮ್ಯಾನೇಜರ್ ಸುಧೀಂದ್ರ ಅವರಿಗೆ ಫೋನ್ ಮಾಡಿದರು. "ಸಾರ್, ಒಂದ್ ದಿನ ತಡ ಆದ್ರ ನಡೀತದೇನ್ರಿ?"

ಆಚೆಯ ಮಾತು ನಮಗೂ ಕೇಳುತ್ತಿತ್ತು. "ಇಲ್ಲ ಕಣ್ರೀ, ಬೆಳಿಗ್ಗೆ ಎಂಟಕ್ಕೆ ಮಷೀನ್ ಆನ್ ಮಾಡ್ಬೇಕು. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ, ಹಳೇ ಸಪ್ಲೈಯರ್‌ಗೇ ಹೇಳ್ತೀನಿ."

"ಸ್ವಲ್ಪ ಹೊತ್ತಿಗೆ ಹೇಳ್ತೀನ್ರಿ ಸಾರ್."

ಅವರು ಖಾಲಿ ಕ್ಯಾನಿನ ಮೇಲೆ ಕುಳಿತರು. ಬಸಕ್ಕನ ಕಡೆ ನೋಡಲೇ ಇಲ್ಲ. ನೋಡಿದರೆ ಒಲೆ ಹಚ್ಚಲೇ ಎಂದು ಕೇಳಿದಂತಾಗುತ್ತದೆ ಎಂದು ಹೆದರಿದ್ದರು ಅಂತ ನನಗನ್ನಿಸಿತು.

ಬಸಕ್ಕ ಎದ್ದು ಹೋಗಿ ಕಡಾಯಿಯ ಮಾಲೆ ತೆಗೆದು ನನ್ನ ಕೈಗಿಟ್ಟರು. ಸೆರಗಿನಿಂದ ಕುಂಕುಮ ಒರೆಸಿದರು. "ಯಾಕ ಕುಂತೀರಿ? ಒಲಿ ಹಚ್ರಿ."

"ಬ್ಯಾಡ ಬಿಡು. ಇನ್ನೊಂದ್ ವರ್ಷ ನೋಡೂಣು."

"ಮಂದಿ ಹೆಸರೀಲೆ ಮಾರಿದ್ದು ಸಾಕು. ದೇವಿಗೆ ನಾ ಹೇಳ್ಕೋತೀನಿ, ನೀವು ಮ್ಯಾನೇಜರಗ ಹೇಳ್ರಿ."

ಈಶಪ್ಪಣ್ಣ ಫೋನಿನಲ್ಲಿ ಎಂಟರೊಳಗೆ ತರುತ್ತೇವೆಂದು ಹೇಳಿ ಒಲೆ ಹಚ್ಚಿದರು. ಎಣ್ಣೆಯೊಳಗಿನ ನೀರು ಚಟಚಟ ಅನ್ನುತ್ತ ನೊರೆಯೆದ್ದಿತು. ಉಕ್ಕದಂತೆ ಗಂಡ ಹೆಂಡತಿ ಸರದಿಯಲ್ಲಿ ಕೈಯಾಡಿಸಿದರು. ಬಿಸಿಲು ಇಳಿಯುವ ಹೊತ್ತಿಗೆ ಸದ್ದು ನಿಂತು ಎಣ್ಣೆ ತಿಳಿಯಾಯಿತು.

ಮರುದಿನ ಟೆಂಪೊ ಹೊತ್ತಿಗೆ ಸರಿಯಾಗಿ ಬೊಮ್ಮಸಂದ್ರ ಮುಟ್ಟಿತು. ಅಂದೇ ಸಂಜೆ, ಅದೇ ಎಣ್ಣೆ ಪ್ರತಿ ತಿಂಗಳೂ ಬೇಕೆಂದು ಸುಧೀಂದ್ರ ಅವರು ಫೋನಿನಲ್ಲಿ ಹೇಳಿದಾಗ ಇರಣ್ಣ ಪೇಡೆ ತಂದು ಹಂಚಿದ. ಬಸಕ್ಕ ತಮ್ಮ ಪಾಲಿನದನ್ನು ನನಗೆ ಕೊಟ್ಟರು. ದೇವಿಗೆ ಏನು ಹೇಳಿಕೊಂಡಿದ್ದರೋ, ಆ ದಿನವೆಲ್ಲ ಅವರು ಏನನ್ನೂ ಬಾಯಿಗೆ ಹಾಕಲಿಲ್ಲ. ಈಶಪ್ಪಣ್ಣ ತಮ್ಮ ಪೇಡೆಯನ್ನೂ ನನ್ನ ಕೈಗೇ ಹಾಕಿ, ಖಾಲಿ ಡ್ರಮ್ಮು ಬೋರಲು ಹಾಕಲು ಹೋದರು.