ಯಾರ ನೆರವೂ ಇಲ್ಲದೆ

ಬೆಟಗೇರಿಯ ಆ ಮನೆಗೆ ವಿದ್ಯಾಶ್ರೀಯ ಕೌಶಲ ಪರೀಕ್ಷೆ ಮಾಡಲು ಹೋಗಿದ್ದೆ. ಮದುವೆಯಾಗಿ ಬಂದಾಗಿನಿಂದ ಅವಳು ಆ ಮನೆಯ ಕುಣಿಮಗ್ಗದಲ್ಲಿ, ನೆಲದ ಕುಣಿಯೊಳಗೆ ಕಾಲಿಳಿಬಿಟ್ಟು ಕೂತು, ಸೀರೆ ನೇಯುತ್ತಾಳೆ. ಲಕ್ಷ್ಮೇಶ್ವರದಲ್ಲಿ ಹೊಸ ತರಬೇತಿ ಕೇಂದ್ರ ತೆರೆಯುವುದಿತ್ತು. ಅಲ್ಲಿ ನೇಯ್ಗೆ ಕಲಿಸುವ ಕೆಲಸ ಅವಳಿಗೆ ಬೇಕಾಗಿತ್ತು. ಅದಕ್ಕೆ ನಾಲ್ಕನೆಯ ಹಂತದ ಪ್ರಮಾಣಪತ್ರ ಇರಬೇಕು.

ಈಗಾಗಲೇ ಕೆಲಸ ಬಲ್ಲವರು ತರಗತಿಯಲ್ಲಿ ಕೂರಬೇಕಿಲ್ಲ. ದಿನವೂ ಮಾಡುವ ಕೆಲಸವನ್ನು ಮಾಡುವ ಜಾಗದಲ್ಲೇ ಮಾಡಿ ತೋರಿಸಿದರೆ ಸಾಕು. ಒಂದು ಕಸುಬನ್ನು ಹಲವು ಘಟಕಗಳಾಗಿ ಒಡೆದಿರುತ್ತಾರೆ. ಅಂಕಗಳಿಲ್ಲ. ಪ್ರತಿ ಘಟಕದ ಮುಂದೆ ಬರೆಯುವುದು ‘ಸಮರ್ಥ’ ಅಥವಾ ‘ಇನ್ನೂ ಸಮರ್ಥರಲ್ಲ’, ಅಷ್ಟೇ. ಕಡ್ಡಾಯ ಘಟಕ ಒಂದು ಉಳಿದರೂ ಪ್ರಮಾಣಪತ್ರ ಸಿಗದು. ಕಲಿಸಿದವರು ಪರೀಕ್ಷಿಸುವಂತಿಲ್ಲ, ಪರೀಕ್ಷಿಸುವವರು ಕಲಿಸುವಂತಿಲ್ಲ. ನೋಡಬೇಕು, ಬರೆಯಬೇಕು, ನಡುವೆ ಮಾತಾಡಬಾರದು.

ಧಾರವಾಡದಲ್ಲಿ ಜವಳಿ ವಿಷಯ ಓದಿದ್ದೆ. ಗಂಡ ತೀರಿಕೊಂಡ ಮೇಲೆ ಈ ಕೆಲಸ ಸಿಕ್ಕಿತು. ಮಾತಾಡಬೇಕಿಲ್ಲ ಎಂಬುದು ನನಗೆ ಅನುಕೂಲವಾಗಿತ್ತು.

ಅತ್ತೆ ಚೌಡವ್ವ ರಾಟೆಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು.

“ಇಕಿ ನೇಯ್ದ ಸೀರಿ ಉಟ್ಟಾವ್ರು ಒಬ್ಬರೂ ಕೇಳಲಿಲ್ಲ. ಈಗ ನೀವು ಬಂದು, ನೇಯಾಕ ಬರ್ತೈತೇನು ಅಂತ ಕೇಳ್ತೀರಲ್ರಿ ಬಾಯಾರ!”

“ಅತ್ತಿ, ಸುಮ್ನಿರ್ರಿ. ಅವ್ರು ಬರ್ಕೊಂಡಾರು,” ಎಂದಳು ವಿದ್ಯಾಶ್ರೀ.

“ಬರ್ಕೊಳ್ಳಲಿ. ಅತ್ತಿ ಭಾಳ ಚಲೋ ಅದಾಳ ಅಂತ ಬರ್ಕೊಳ್ಳಲಿ.”

ಗಂಡ ಕಿರಣಕುಮಾರ ಮಗ್ಗದ ಹಿಂದೆ, ಹಾಸಿನ ಉದ್ದನೆಯ ಎಳೆಗಳನ್ನು ಸುತ್ತಿದ ದಿಂಡಿನ ಬಳಿ ಕೂತಿದ್ದ. ಕೂರಬಹುದು, ಆದರೆ ಏನನ್ನೂ ಮುಟ್ಟಬಾರದು ಎಂದು ಮೊದಲೇ ಹೇಳಿದ್ದೆ.

“ಕೈ ಕಟ್ಕೊಂಡು ಕುಂಡರ್ತೀನ್ರಿ,” ಎಂದಿದ್ದ.

ಮಧ್ಯಾಹ್ನದ ಹೊತ್ತಿಗೆ ಒಂದೇ ಘಟಕ ಉಳಿಯಿತು. ‘ಹರಿದ ಹಾಸಿನ ಎಳೆಯನ್ನು ಯಾರ ನೆರವೂ ಇಲ್ಲದೆ ಹುಡುಕಿ, ಕಟ್ಟಿ, ನೇಯ್ಗೆ ಮುಂದುವರಿಸುವುದು.’ ನಾನು ಹಿಂಬದಿಗೆ ಹೋಗಿ ಕತ್ತರಿಯಿಂದ ಒಂದು ಎಳೆ ತುಂಡರಿಸಿ ಬಂದು ಕೂತೆ.

ವಿದ್ಯಾಶ್ರೀ ಮೆಟ್ಟುವುದನ್ನು ನಿಲ್ಲಿಸಿದಳು. ಅರಿವೆಯ ಮೇಲೆ ಬೆರಳಾಡಿಸಿ ಎಳೆ ತಪ್ಪಿದ ಜಾಗ ಹಿಡಿದಳು. ಎಳೆಗಳ ಸಂದಿನಲ್ಲಿ ಬಲಗೈ ಚಾಚಿದಳು. ಆಚೆಯಿಂದ ಕಿರಣಕುಮಾರನ ಕೈ ಬಂತು. ಹರಿದ ತುದಿಗೆ ಆಗಲೇ ಚೂರು ನೂಲು ಕಟ್ಟಿಯಾಗಿತ್ತು. ಆ ಕೈ ಅದನ್ನು ಅವಳ ಬೆರಳಿಗೆ ದಾಟಿಸಿತು. ಅವಳು ಎಳೆದುಕೊಂಡು ಮಗ್ಗದ ಹಣಿಗೆಯ ಹಲ್ಲುಗಳ ನಡುವೆ ಪೋಣಿಸಿದಳು.

ಅವಳು ಅವನ ಕಡೆ ನೋಡಲಿಲ್ಲ. ಅವನೂ ನೋಡಲಿಲ್ಲ. ‘ಮಾಗಡಿ ಕೆರಿಗೆ ಈ ಸಲ ಹಕ್ಕಿ ಜಲ್ದಿ ಬಂದಾವಂತ’ ಎಂದು ತಾಯಿಗೆ ಹೇಳುತ್ತಿದ್ದವನು ಆ ಮಾತನ್ನೂ ನಿಲ್ಲಿಸಲಿಲ್ಲ.

ಬಿಟ್ಟುಬಿಡಬಹುದಿತ್ತು. ಕಂಡವಳು ನಾನೊಬ್ಬಳೇ. ಆದರೆ ಲಕ್ಷ್ಮೇಶ್ವರದ ಮಗ್ಗದ ಹಿಂದೆ ಅವನು ಇರುವುದಿಲ್ಲ.

“ನಿಲ್ಲಿಸಿ,” ಎಂದೆ. “ಅವರು ಕೈ ಹಚ್ಚಿದರು.”

“ಯಾರ್ರಿ?”

“ನಿಮ್ಮ ಯಜಮಾನರು.”

“ನಾ ಎಲ್ಲಿ ಹಚ್ಚೀನ್ರಿ? ಕುಂತಲ್ಲೇ ಕುಂತೀನಲ್ರಿ!” ಎಂದ ಅವನು. ಉಳಿದ ನೂಲು ಅವನ ತೋರುಬೆರಳಿಗೆ ಸುತ್ತಿಕೊಂಡಿತ್ತು.

“ಬೆರಳಿಗೆ ನೂಲ ಸುತ್ಕೊಂಡು ಹಚ್ಚಿಲ್ಲ ಅಂತಾನ ನೋಡ್ರಿ ನನ್ನ ಮಗ,” ಎಂದು ಚೌಡವ್ವ ರಾಟೆ ಬಿಟ್ಟು ನಕ್ಕಳು.

ವಿದ್ಯಾಶ್ರೀಯೂ ನಕ್ಕಳು. ಆಮೇಲೆ ನನ್ನ ಮುಖ ನೋಡಿದಳು.

“ಹಂಗಾರ ಹೋತೇನ್ರಿ ನೌಕರಿ? ಖರೆ ಹೇಳ್ರಿ. ನಾ ಕರೀಲಿಲ್ರಿ ಅವ್ರನ್ನ.”

ಅದೇ ದಿನ ಇನ್ನೊಂದು ಅವಕಾಶ ಕೊಡಬಹುದು. ಅದರ ಮೇಲೆ ಇಲ್ಲ. ಅವನನ್ನು ಹೊರಗೆ ಕಟ್ಟೆಯ ಮೇಲೆ ಕೂರಲು ಹೇಳಿ ಬಾಗಿಲು ಹಾಕಿಸಿದೆ. ಇನ್ನೊಂದು ಎಳೆ ತುಂಡರಿಸಿದೆ.

ಅವಳು ಜಾಗ ಹಿಡಿದಳು. ಕೈ ಚಾಚಿದಳು. ಅಂಗೈ ತೆರೆದೇ ಇತ್ತು. ಆಚೆಯಿಂದ ಏನೂ ಬರಲಿಲ್ಲ. ಕೈ ಅಲ್ಲೇ ನಿಂತಿತು.

ಹಾಗೆ ಚಾಚಿದ ಕೈಯನ್ನು ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಹೇಳುವಂತಿರಲಿಲ್ಲ.

ಕೊನೆಗೆ ಅವಳೇ ಹಿಂದಕ್ಕೆ ತೆಗೆದುಕೊಂಡಳು. ಕುಣಿಯಿಂದ ಮೇಲೆದ್ದು ಮಗ್ಗ ಸುತ್ತಿ ಹಿಂದೆ ಹೋದಳು. ಗಂಟು ಹಾಕಿ ಈಚೆ ಬರುವಷ್ಟರಲ್ಲಿ ತುದಿ ಜಾರಿ ಬಿದ್ದಿತ್ತು. ಮತ್ತೆ ಹೋದಳು.

“ಆತೇನ?” ಹೊರಗಿನಿಂದ ದನಿ ಬಂತು.

“ಬಾಯಿ ಮುಚ್ಚಲೇ! ಬಾಯಿ ಹಚ್ಚಿದ್ರೂ ಕೈ ಹಚ್ಚಿದಂಗ,” ಎಂದಳು ಚೌಡವ್ವ.

ಈ ಸಲ ವಿದ್ಯಾಶ್ರೀ ಉದ್ದನೆಯ ನೂಲು ಕಟ್ಟಿದಳು. ತುದಿಯನ್ನು ಈಚೆಗೆ ದಾಟಿಸಿ, ಜಾರದಂತೆ ತನ್ನ ತಲೆಯ ಪಿನ್ನು ತೆಗೆದು ಸಿಕ್ಕಿಸಿದಳು. ಕೂದಲು ಮುಖದ ಮೇಲೆ ಬಿತ್ತು. ಕುಣಿಗಿಳಿದು, ಪೋಣಿಸಿ, ಮೆಟ್ಟಿದಳು. ಲಾಳಿ ಓಡಿತು. ನಾಲ್ಕು ಬೆರಳಿನಷ್ಟು ನೇಯ್ದು ನಿಲ್ಲಿಸಿದಳು. ನೇಯ್ಗೆಯಲ್ಲಿ ಸಂದು ಕಾಣಲಿಲ್ಲ.

ಫಲಿತಾಂಶವನ್ನು ಎದುರಿಗೇ ಹೇಳಬೇಕು. ಕಾರಣವನ್ನೂ ಹೇಳಬೇಕು.

“ಸಮರ್ಥ,” ಎಂದೆ. “ನೀವು ಒಬ್ಬರೇ ಮಾಡಬಲ್ಲಿರಿ.”

ದನಿ ತಗ್ಗಿತ್ತೇನೋ, ಇನ್ನೊಮ್ಮೆ ಹೇಳಬೇಕಾಯಿತು.

ಅವಳು ಓಡಿ ಬಾಗಿಲು ತೆಗೆದಳು. “ಕೇಳಿದ್ರೇನ್ರಿ? ನಾ ಒಬ್ಬಾಕೀನ ಮಾಡ್ತೀನಂತ!”

“ಹಂಗಾರ ನಾ ಇನ್ನ ಹೊರಗ ಇರಲೇನು?”

“ಇರ್ರಿ. ರೊಟ್ಟಿನೂ ಅಲ್ಲೇ ತಂದ ಕೊಡ್ತೀನಿ.”

ಕಾಗದಗಳನ್ನು ಜೋಡಿಸಿ ಚೀಲಕ್ಕೆ ಹಾಕಿಕೊಂಡೆ. ಹೊಸ್ತಿಲಲ್ಲಿ ತಿರುಗಿ ನೋಡಿದಾಗ ಅವಳು ಆಗಲೇ ನೇಯುತ್ತಿದ್ದಳು. ಅವನು ಒಳಗೆ ಬಂದು ಮಗ್ಗದ ಹಿಂದೆ ಕೂತಿದ್ದ. ಯಾವ ಎಳೆಯೂ ಹರಿದಿರಲಿಲ್ಲ.