ಮನೆಗೊಂದು ಸ್ಟಾರ್ಟು

ಎಂಜಿನ್ನಿನ ವಿಷಯದಲ್ಲಿ ಮೆಕ್ಯಾನಿಕ್ ಮಾವನಿಗೆ ಎದುರು ಹೇಳುವವರಿರಲಿಲ್ಲ. ಬಾನೆಟ್ ಎತ್ತುವ ಮೊದಲೇ ರೋಗ ಹೇಳುವ ಆಸಾಮಿ. ಅಂಥವನ ಸ್ವಂತ ಅಕ್ಕನ ಮಗಳು ಓಡಿಸುವ ಕಾರು ಒಂದೇ ವರ್ಷದಲ್ಲಿ ಮೂರು ಬ್ಯಾಟರಿ ನುಂಗಿ ಕೂತಿತ್ತು.

ಅವಳು ನರ್ಸು. ಹಾಸಿಗೆ ಹಿಡಿದವರ ಮನೆಗೇ ಹೋಗಿ ಗಾಯ ತೊಳೆದು, ಇಂಜೆಕ್ಷನ್ ಕೊಟ್ಟು ಬರುವ ಕೆಲಸ. ಕಾರು ಆಸ್ಪತ್ರೆಯದು. ಮೊನ್ನೆ ಅದು ಮತ್ತೆ ಕೈಕೊಟ್ಟಾಗ ಮೇಲ್ವಿಚಾರಕಿ ಕಡ್ಡಿ ಮುರಿದಂತೆ ಹೇಳಿದ್ದಳು: ಇನ್ನೊಮ್ಮೆ ನಿಂತರೆ ಕಾರು ಬಿಟ್ಟು ಕಚೇರಿಯಲ್ಲಿ ಕೂರಬೇಕು. ತನ್ನ ದಾರಿ ಕಾಯುವ ಮುದುಕ ಮುದುಕಿಯರನ್ನು ಬಿಟ್ಟು ಕಾಗದ ಜೋಡಿಸುವುದೆಂದರೆ ಹುಡುಗಿಗೆ ಜೀವ ಹೋದಂತೆ.

“ನೀನೇ ಎಲ್ಲೋ ಲೈಟ್ ಹಾಕಿ ಬಿಟ್ಟಿರ್ತೀಯ,” ಎಂದ ಮಾವ. “ನಾಳೆ ನಾನೂ ಬರ್ತೀನಿ. ಬ್ಯಾಟರಿ ತಿನ್ನೋ ಕಳ್ಳನ್ನ ಹಿಡಿದುಕೊಡ್ತೀನಿ.”

ಮರುದಿನ ಪಕ್ಕದ ಸೀಟಿನಲ್ಲಿ ಠೀವಿಯಿಂದ ಕೂತ. ಮೊದಲ ಮನೆ ಬಂತು, ಎಂಜಿನ್ ಆಫ್. ಎರಡನೆಯದು ನಾಲ್ಕು ಗೇಟು ಆಚೆ. ಸ್ಟಾರ್ಟ್, ಅರ್ಧ ನಿಮಿಷ, ಆಫ್. ಮೂರನೆಯದು ಎದುರು ಸಾಲಿನಲ್ಲಿ. ಸಂಜೆಯೊಳಗೆ ಹದಿನಾರು ಸಲ. ಒಂದೊಂದು ಸ್ಟಾರ್ಟೂ ಬ್ಯಾಟರಿಯಿಂದ ಬೊಗಸೆ ತುಂಬ ಮೊಗೆಯುತ್ತಿತ್ತು, ಆ ಪುಟ್ಟ ಓಟ ಚಮಚದಷ್ಟು ತಿರುಗಿ ಕೊಡುತ್ತಿತ್ತು. ಸ್ಟಾರ್ಟರ್ ಮೋಟಾರೂ ಸವೆದು ನರಳುತ್ತಿತ್ತು.

“ಇಷ್ಟಿಷ್ಟು ದೂರಕ್ಕೆಲ್ಲ ಕಾರ್ ತೆಗಿ ಅಂತ ನಿಂಗೆ ಯಾರು ಹೇಳಿದ್ದು?”

“ನೀವೇ ಅಲ್ವಾ ಮಾವ? ಡ್ರೈವಿಂಗ್ ಕಲಿಸುವಾಗ ಹೇಳಿದ್ರಿ, ಕಾರು ಯಾವಾಗ್ಲೂ ಕಣ್ಣೆದುರೇ ಇರ್ಬೇಕು, ಇಳಿದ ತಕ್ಷಣ ಎಂಜಿನ್ ಆರಿಸ್ಬೇಕು ಅಂತ. ಒಂದು ದಿನಾನೂ ತಪ್ಪಿಸಿಲ್ಲ.”

ಮಾವ ಇಂಗು ತಿಂದ ಮಂಗನಂತಾದ. ಕಚೇರಿಗೆ ಹೋಗಿ ಬ್ಯಾಟರಿಯ ಲೆಕ್ಕಾಚಾರವನ್ನೆಲ್ಲ ಬಿಡಿಸಿ ಹೇಳಿದ. ಕಲಿಸಿದವರಾರು ಎಂಬುದನ್ನು ಮಾತ್ರ ನುಂಗಿಕೊಂಡ.

“ಅಂದ್ರೆ ತಪ್ಪು ಇವಳದ್ದೇ,” ಎಂದಳು ಮೇಲ್ವಿಚಾರಕಿ.

ಹುಡುಗಿ ತಲೆ ತಗ್ಗಿಸಿ ನಿಂತಳು. ಮಾವನ ಸುದ್ದಿಯೆತ್ತಲಿಲ್ಲ. ಮಾವ ಮುಂದೆ ಬಂದು ಮೇಜಿನ ಮೇಲೆ ಕೈಯೂರಿದ.

“ಅಲ್ಲ ಮೇಡಂ. ಹಾಗೆ ಓಡಿಸೋಕೆ ಕಲಿಸಿದ್ದು ನಾನು. ಇನ್ಮೇಲೆ ಬೀದಿಗೊಂದೇ ಸ್ಟಾರ್ಟು, ಮನೆಯಿಂದ ಮನೆಗೆ ನಡೀತಾಳೆ. ಮತ್ತೆ ಕಾರು ನಿಂತ್ರೆ ನನ್ನ ಗ್ಯಾರೇಜಿನ ಬೋರ್ಡ್ ಇಳಿಸ್ತೀನಿ.”

“ಹಾಗಂತ ಬರೆದುಕೊಟ್ರೆ ಕಾರು ಇವಳ ಹತ್ರಾನೇ ಇರುತ್ತೆ. ಬರೆದುಕೊಡ್ತೀರಾ?”

ಮಾವ ಗ್ರೀಸಿನ ಕಪ್ಪು ಮೆತ್ತಿದ ಬೆರಳಲ್ಲೇ ಪೆನ್ನು ಹಿಡಿದು ಅಷ್ಟನ್ನೂ ಬರೆದು, ಕೊನೆಗೆ ‘ತಪ್ಪು ಕಲಿಸಿದವನದು, ಕಲಿತವಳದಲ್ಲ’ ಎಂದು ದಪ್ಪಕ್ಷರದಲ್ಲಿ ಸೇರಿಸಿ ಸಹಿ ಹಾಕಿದ. ಹುಡುಗಿ ಪಕ್ಕಕ್ಕೆ ಬಂದು ನಿಂತು, ಆ ಸಾಲನ್ನು ಎರಡು ಸಲ ಓದಿದಳು.